ಪ್ರಚಾರ ಸಭೆಯಲ್ಲಿ ಫಲಕ ಎತ್ತಿದವರ ಮೇಲೆ ಕೈ: ಹೊಣೆ ಯಾರದು?

ನೀಲಿಶಾಯಿ:
ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಫೆಯೆಟ್‌ವಿಲ್ ಅಂತ ಒಂದು ಊರಿದೆ. 2016ರ ಮಾರ್ಚ್ 9ರಂದು ಅಲ್ಲಿ ಡೊನಾಲ್ಡ್ ಟ್ರಂಪ್ ಪ್ರಚಾರ ಸಭೆ ನಡೆಯಿತು. ಪ್ರತಿಭಟಿಸಿದ ಕೆಲವರನ್ನು ಪೊಲೀಸರು ಮೆಟ್ಟಿಲು ಹತ್ತಿಸಿ ಹೊರಗೆ ಕರೆದೊಯ್ಯುತ್ತಿದ್ದರು. ಪ್ರೇಕ್ಷಕರ ಸಾಲಿನಿಂದ 78 ವರ್ಷದ ಒಬ್ಬರು ಮುಂದೆ ಬಂದು ಅವರಲ್ಲಿದ್ದ ಕಪ್ಪು ಯುವಕನ ಮುಖಕ್ಕೆ ಹೊಡೆದರು. ಪೊಲೀಸರು ನೆಲಕ್ಕೆ ಕೆಡವಿ ಹಿಡಿದದ್ದು ಹೊಡೆಸಿಕೊಂಡವನನ್ನು! ಹೊಡೆದವರ ಬಂಧನವಾದದ್ದು ಮರುದಿನ, ವಿಡಿಯೋ ಎಲ್ಲ ಕಡೆ ಹರಡಿದ ಮೇಲೆ.

ಅದೇ ಊರಿಗೆ ಅದೇ ವರ್ಷ ನವೆಂಬರ್ 4ರಂದು ಹಿಲರಿ ಕ್ಲಿಂಟನ್ ಪರ ಪ್ರಚಾರಕ್ಕೆ ಬರಾಕ್ ಒಬಾಮ ಬಂದರು. ಸೇನೆಯ ಸಮವಸ್ತ್ರದಂಥ ಉಡುಪು ತೊಟ್ಟ ವಯಸ್ಸಾದ ಟ್ರಂಪ್ ಬೆಂಬಲಿಗರೊಬ್ಬರು ಫಲಕ ಹಿಡಿದು ನಿಂತರು. ಸಭೆಯೆಲ್ಲ ಹುಯ್ಲೆಬ್ಬಿಸಿತು. ಒಬಾಮ ಭಾಷಣ ನಿಲ್ಲಿಸಿ, ಸುಮ್ಮನಿರಿ ಸುಮ್ಮನಿರಿ ಅಂತ ಜನರನ್ನೇ ಗದರಿದರು. ಆ ಮನುಷ್ಯ ತನ್ನ ಅಭ್ಯರ್ಥಿಯನ್ನು ಬೆಂಬಲಿಸುತ್ತಿದ್ದಾರೆ, ಅದು ಅವರ ಹಕ್ಕು. ಸೇನೆಯಲ್ಲಿದ್ದವರ ಹಾಗೆ ಕಾಣುತ್ತಾರೆ, ಅದಕ್ಕೆ ಗೌರವ ಕೊಡಿ. ಹಿರಿಯರು, ಅದಕ್ಕೂ ಗೌರವ ಕೊಡಿ ಅಂದರು. ಕೂಗಬೇಡಿ, ಮತ ಹಾಕಿ ಅಂದರು. ಆ ಹಿರಿಯರ ಮೈಮೇಲೆ ಯಾರ ಕೈಯೂ ಬೀಳಲಿಲ್ಲ.

ನಾನು ಹೇಳುವುದು ಇಷ್ಟೆ. ಜನಜಂಗುಳಿಗೆ ಸಿಟ್ಟು ಬಂದೇ ಬರುತ್ತದೆ, ಎರಡೂ ಸಭೆಗಳಲ್ಲಿ ಬಂದಿತ್ತು. ಆ ಸಿಟ್ಟು ಎಲ್ಲಿಯವರೆಗೆ ಹೋಗಬಹುದು ಅನ್ನುವುದನ್ನು ಮೈಕು ಹಿಡಿದವರು ತೀರ್ಮಾನಿಸುತ್ತಾರೆ. ಆದ್ದರಿಂದ ಹೊಣೆಯೂ ಅವರದೇ.

ಮುಂದಿನಸಾಲು:
ಚೆನ್ನಾಗಿ ಹೊಂದಿಸಿ ಬರೆದಿದ್ದೀರಿ, ಆದರೆ ಒಪ್ಪುವುದಿಲ್ಲ. ನಿಮ್ಮ ಕಥೆಯಲ್ಲಿ ಮೈಕಿನವರಿದ್ದಾರೆ, ಫಲಕದವರಿದ್ದಾರೆ. ನಡುವೆ ಕುಳಿತ ಸಾವಿರಾರು ಜನ ಎಲ್ಲಿ? ಗಂಟೆಗಟ್ಟಲೆ ಸಾಲಿನಲ್ಲಿ ನಿಂತು, ಕೆಲಸ ಬಿಟ್ಟು, ಒಬ್ಬರ ಮಾತು ಕೇಳಬೇಕು ಅಂತ ಬಂದವರು ಅವರು. ಅವರ ಹಕ್ಕಿನ ಬಗ್ಗೆ ಒಂದು ಸಾಲೂ ಇಲ್ಲ.

ಸಿಯಾಟಲ್‌ನಲ್ಲಿ 2015ರ ಆಗಸ್ಟ್ 8ರಂದು ಏನಾಯಿತು ನೆನಪಿದೆಯೆ? ಅಮೆರಿಕದ ಅಧ್ಯಕ್ಷ ಹುದ್ದೆಗೆ ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಕೇಳುತ್ತಿದ್ದ ಬರ್ನಿ ಸ್ಯಾಂಡರ್ಸ್ ಮಾತಾಡಬೇಕಿದ್ದ ಸಭೆ. ವೃದ್ಧರ ಪಿಂಚಣಿ, ಆರೋಗ್ಯ ವಿಮೆ ಕುರಿತು ಕರೆದದ್ದು. ಕಪ್ಪು ಜನರ ಮೇಲಿನ ಪೊಲೀಸ್ ಹಿಂಸೆಯನ್ನು ವಿರೋಧಿಸುವ ಇಬ್ಬರು ಯುವತಿಯರು ವೇದಿಕೆ ಹತ್ತಿ ಮೈಕು ಹಿಡಿದರು, ಬಿಡಲಿಲ್ಲ. ಸ್ಯಾಂಡರ್ಸ್ ಭಾಷಣ ಮಾಡದೆಯೇ ಇಳಿದು ಹೋದರು. ಬಂದ ಜನ ಬಂದ ದಾರಿಗೆ ಸುಂಕವಿಲ್ಲ ಅಂತ ಮನೆಗೆ ಹೋದರು. ಅದನ್ನು ಪ್ರತಿಭಟನೆ ಅನ್ನುತ್ತೀರೋ, ಸಭೆಯ ಕಳವು ಅನ್ನುತ್ತೀರೋ?

ಹೊಡೆಯುವುದು ತಪ್ಪು. ಅದರಲ್ಲಿ ಚರ್ಚೆಯೇ ಇಲ್ಲ. ಆದರೆ ಒಳಗೆ ಬಂದು ಕೆಡಿಸುವವರಿಗೆ ಜನ ಮಾಲೆ ಹಾಕಬೇಕು ಅಂತ ಬಯಸಬೇಡಿ. ಹೊರಗೆ ರಸ್ತೆ ಇದೆ, ಅಲ್ಲಿ ನಿಂತು ಧಿಕ್ಕಾರ ಕೂಗಲಿ.

ಜಗಲಿಮಾತು:
ನೀವಿಬ್ಬರೂ ಎಂತ ಮಾರಾಯ್ರೆ, ಪ್ರತಿಭಟನೆಗೆ ಬಂದವ ಪಾಪ ಏನೂ ತಿಳಿಯದವ ಅನ್ನುವ ಹಾಗೆ ಮಾತಾಡ್ತೀರಿ. ಅವನಿಗೂ ಕ್ಯಾಮೆರಾ ಬೇಕು. ಅವನನ್ನು ಎಳೆದುಕೊಂಡು ಹೋದರೆ ಅದೇ ಅವನ ಗೆಲುವು. ನಾಯಕನಿಗೂ ಅವನು ಬೇಕು, ಯಾಕೆಂದರೆ ನೋಡಿ ನಮ್ಮ ವಿರುದ್ಧ ಎಂಥವರಿದ್ದಾರೆ ಅಂತ ತೋರಿಸಲಿಕ್ಕೆ ಆಗ್ತದೆ. ಪೆಟ್ಟು ತಿಂದವನದ್ದು ನಾಟಕ ಅಂತಲ್ಲ, ಪೆಟ್ಟು ನಿಜವೇ. ಆದರೆ ಆ ನಿಮಿಷದಲ್ಲಿ ಇಬ್ಬರಿಗೂ ಲಾಭ ಉಂಟು, ನಷ್ಟ ಮಧ್ಯದಲ್ಲಿ ಕೂತವನಿಗೆ ಮಾತ್ರ.

ಇನ್ನೊಂದು. ನಾಯಕರೇ ಕೈ ಎತ್ತಿದ್ದೂ ಉಂಟು. ಬ್ರಿಟನ್ನಿನ ಉಪಪ್ರಧಾನಿ ಜಾನ್ ಪ್ರೆಸ್ಕಾಟ್ 2001ರ ಮೇ 16ರಂದು ವೇಲ್ಸ್‌ನ ರಿಲ್ ಎಂಬಲ್ಲಿ ಪ್ರಚಾರಕ್ಕೆ ಹೋದಾಗ ಒಬ್ಬ ಮೊಟ್ಟೆ ಎಸೆದ. ಇವರು ತಿರುಗಿ ಒಂದು ಬಿಟ್ಟರು ಮುಖಕ್ಕೆ. ಪ್ರಧಾನಿ ಬ್ಲೇರ್ ಹತ್ತಿರ ಕೇಳಿದರೆ, ಜಾನ್ ಅಂದರೆ ಜಾನ್ ಅಂತ ನಕ್ಕು ಮುಗಿಸಿದರು. ಮೂರು ವಾರ ಕಳೆದು ಚುನಾವಣೆ, ಪಕ್ಷ ಭರ್ಜರಿಯಾಗಿ ಗೆದ್ದಿತು. ಮತದಾರ ಇದಕ್ಕೆಲ್ಲ ಶಿಕ್ಷೆ ಕೊಡ್ತಾನೆ ಅಂತ ಯಾರೂ ಭಾವಿಸಬೇಡಿ.

ನೀಲಿಶಾಯಿ:
@ಜಗಲಿಮಾತು, ಪ್ರೆಸ್ಕಾಟ್ ಮೇಲೆ ಮೊಟ್ಟೆ ಬಿದ್ದಿತ್ತು, ಅವರು ಆ ಕ್ಷಣಕ್ಕೆ ತಿರುಗಿಬಿದ್ದರು. ಅದು ಇಬ್ಬರ ನಡುವಿನ ಜಗಳ. ಸಭೆಗೆ ಬಂದ ಸಾವಿರಾರು ಜನರಿಗೆ ಮೊದಲೇ ಅನುಮತಿ ಕೊಟ್ಟಿಡುವುದು ಬೇರೆ ವಿಷಯ. 2016ರ ಫೆಬ್ರವರಿ 1ರಂದು ಅಯೋವಾದ ಸೀಡರ್ ರ್‍ಯಾಪಿಡ್ಸ್‌ನಲ್ಲಿ, ಯಾರಾದರೂ ಟೊಮೆಟೊ ಎಸೆಯುವುದು ಕಂಡರೆ ಚೆನ್ನಾಗಿ ಬಾರಿಸಿ, ವಕೀಲರ ಖರ್ಚು ನಾನು ಕೊಡುತ್ತೇನೆ ಅಂತ ಟ್ರಂಪ್ ವೇದಿಕೆ ಮೇಲಿಂದಲೇ ಹೇಳಿದ್ದರು. ತಮಾಷೆಗೆ ಅಂದದ್ದು ಅನ್ನುವವರಿದ್ದಾರೆ. ಫೆಯೆಟ್‌ವಿಲ್‌ನಲ್ಲಿ ಪೆಟ್ಟು ಬಿದ್ದ ಮೇಲೆ ಟಿವಿಯಲ್ಲಿ ಕೇಳಿದಾಗಲೂ, ಹೊಡೆದವರ ವಕೀಲರ ಖರ್ಚು ಕೊಡುವ ಬಗ್ಗೆ ನೋಡುತ್ತೇನೆ ಅಂದರಲ್ಲ. ಅಲ್ಲಿಗೂ ತಮಾಷೆಯೆ?

@ಮುಂದಿನಸಾಲು, ಹೊರಗೆ ಕಳಿಸುವುದಕ್ಕೆ ನನ್ನ ವಿರೋಧವಿಲ್ಲ. ಸಿಯಾಟಲ್‌ನ ಉದಾಹರಣೆ ನನ್ನ ವಾದಕ್ಕೇ ಒದಗುತ್ತದೆ. ಅಲ್ಲಿಯ ಜನರೂ ಹುಯ್ಯಲಿಟ್ಟರು, ಅವರನ್ನು ಬಂಧಿಸಿ ಅಂತಲೂ ಕೆಲವರು ಕೂಗಿದರು. ಪ್ರಗತಿಪರರು ಅಂತ ಹೇಳಿಕೊಳ್ಳುವ ಜನ ಅವರು! ಆದರೂ ಯಾರೂ ಪೆಟ್ಟು ತಿನ್ನಲಿಲ್ಲ. ಸ್ಯಾಂಡರ್ಸ್ ಸಂಜೆ ಬೇರೆ ಕಡೆ ದೊಡ್ಡ ಸಭೆ ಮಾಡಿದರು, ಜನಾಂಗೀಯ ನ್ಯಾಯದ ಬಗ್ಗೆ ತಮ್ಮ ಕಾರ್ಯಕ್ರಮವನ್ನೂ ಆ ದಿನಗಳಲ್ಲೇ ಪ್ರಕಟಿಸಿದರು. ಕಳವಾಯಿತು ಅಂತ ನೀವು ಅನ್ನುವ ಸಭೆಯಿಂದ ಏನೂ ಹುಟ್ಟಲಿಲ್ಲ ಅಂತ ಹೇಳಲಾಗದು.

ಕರಿಕೋಟು:
ಹೊಣೆ ಹೊಣೆ ಅನ್ನುತ್ತಿದ್ದೀರಿ. ನೈತಿಕ ಹೊಣೆ ಬೇರೆ, ನ್ಯಾಯಾಲಯದಲ್ಲಿ ನಿಲ್ಲುವ ಹೊಣೆ ಬೇರೆ. ಎರಡನೆಯದು ಎಷ್ಟು ಕಷ್ಟ ಅಂತ ನೋಡಿ.

2016ರ ಮಾರ್ಚ್ 1ರಂದು ಕೆಂಟಕಿಯ ಲೂಯಿವಿಲ್‌ನಲ್ಲಿ ಟ್ರಂಪ್ ಸಭೆ. ಪ್ರತಿಭಟನಕಾರರನ್ನು ಕುರಿತು, ಇವರನ್ನು ಇಲ್ಲಿಂದ ಹೊರಗೆ ಹಾಕಿ ಅಂತ ವೇದಿಕೆಯಿಂದ ಹೇಳಿದರು. ಜನ ತಳ್ಳಿದರು, ಗುದ್ದಿದರು. ಮೂವರು ದಾವೆ ಹೂಡಿದರು. 2017ರಲ್ಲಿ ಜಿಲ್ಲಾ ನ್ಯಾಯಾಲಯ, ಇದು ಪ್ರಚೋದನೆ ಆಗಿರಬಹುದು, ವಿಚಾರಣೆ ನಡೆಯಲಿ ಅಂದಿತು. 2018ರ ಸೆಪ್ಟೆಂಬರಿನಲ್ಲಿ ಆರನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಹೊರಗೆ ಹಾಕಿ ಅನ್ನುವುದರಲ್ಲಿ ಹೊಡೆಯಿರಿ ಅನ್ನುವ ಕರೆ ಇಲ್ಲ, ಮೇಲಾಗಿ ಅವರು ನೋಯಿಸಬೇಡಿ ಅಂತಲೂ ಸೇರಿಸಿದ್ದರು ಎಂಬುದು ಕಾರಣ. ಅಲ್ಲಿ 1969ರ ಬ್ರ್ಯಾಂಡನ್‌ಬರ್ಗ್ ತೀರ್ಪಿನ ಅಳತೆಗೋಲು ಇದೆ. ಮಾತು ಆ ಕ್ಷಣವೇ ಕಾನೂನುಬಾಹಿರ ಕೃತ್ಯವನ್ನು ಹುಟ್ಟಿಸುವ ಉದ್ದೇಶದ್ದಾಗಿರಬೇಕು, ಹಾಗೆ ಹುಟ್ಟಿಸುವ ಸಂಭವವೂ ಇರಬೇಕು. ಎರಡೂ ಸಾಬೀತಾಗದೆ ಭಾಷಣಕಾರನನ್ನು ಹಿಡಿಯುವಂತಿಲ್ಲ.

ಇದನ್ನು ಕೇಳಿ ಬೇಸರಪಡುವ ಮೊದಲು ತಿರುಗಿಸಿ ಯೋಚಿಸಿ. ಆ ಅಳತೆಗೋಲು ಸಡಿಲವಾದರೆ ಮೊದಲು ಒಳಗೆ ಹೋಗುವವರು ಪ್ರತಿಭಟನಕಾರರ ಮುಖಂಡರೇ. ಅವರ ಹಿಂದೆ ಬಂದ ಒಬ್ಬ ಕಲ್ಲು ಎಸೆದರೆ ಅದಕ್ಕೂ ಭಾಷಣ ಮಾಡಿದವರನ್ನೇ ಹಿಡಿಯಬಹುದು.

ಇನ್ನು ಸಭೆ ಕೆಡಿಸುವುದು ಅಪರಾಧವೋ ಅಲ್ಲವೋ ಅನ್ನುವ ಪ್ರಶ್ನೆ. ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿನ 1970ರ ಒಂದು ತೀರ್ಪು ನನಗೆ ತುಂಬ ಇಷ್ಟ. ಕೋಚೆಲ್ಲಾ ಎಂಬಲ್ಲಿ ಸಂಸದರೊಬ್ಬರ ಭಾಷಣದ ನಡುವೆ ಕೃಷಿ ಕಾರ್ಮಿಕರ ಬೆಂಬಲಿಗರು ಚಪ್ಪಾಳೆ ತಟ್ಟಿ ಕೂಗಿದ್ದರು. ಸಂಸದರು ಭಾಷಣ ಮುಗಿಸಿಯೇ ಇಳಿದರು. ಕೂಗಿದವರಿಗೆ ಶಿಕ್ಷೆಯಾಗಿತ್ತು, ಮೇಲಿನ ನ್ಯಾಯಾಲಯ ರದ್ದು ಮಾಡಿತು. ಸಭೆಗೆ ಅದರದೇ ಒಂದು ರೂಢಿ ಇರುತ್ತದೆ. ಆ ರೂಢಿಯನ್ನು ಬೇಕೆಂದೇ ಮುರಿದು, ಸಭೆ ನಡೆಯುವುದೇ ಕಷ್ಟವಾಗುವಷ್ಟು ಅಡ್ಡಿ ಮಾಡಿದರೆ ಮಾತ್ರ ಅಪರಾಧ. ಕಿರಿಕಿರಿ ಆದ ಮಾತ್ರಕ್ಕೆ ಅಲ್ಲ. ಬೆಂಬಲದ ಕೂಗಿಗೆ ಜಾಗವಿರುವ ಸಭೆಯಲ್ಲಿ ವಿರೋಧದ ಕೂಗಿಗೂ ಒಂದಿಷ್ಟು ಜಾಗ ಇರಲೇಬೇಕಲ್ಲ!

ಎರೆಮಣ್ಣು:
ವಕೀಲ್ರು ಹೇಳಿದ್ದು ಖರೆ. ಆದ್ರ ನೀವೆಲ್ಲಾ ಮೈಕು, ಫಲಕ, ಕೋರ್ಟು ಅಂತ ಮಾತಾಡ್ಲಿಕ್ಕತ್ತೀರಿ, ಹಾದಿ ಬಗ್ಗೆ ಯಾರೂ ಮಾತಾಡವಲ್ರಿ. ನಾ ಸಭಾದಾಗ ಸ್ವಯಂಸೇವಕ ಆಗಿ ಭಾಳ ಸಲ ನಿಂತೇನ್ರಿ. ಯಾವ ಪಕ್ಷ ಅಂತ ಕೇಳಬ್ಯಾಡ್ರಿ, ಹೇಳೂದಿಲ್ಲ.

ಹೊಡತ ಬೀಳೂದು ಕುಂತ ಜಾಗಾದಾಗ ಕಡಿಮಿ. ಫಲಕ ಎತ್ತಿದ ಕೂಡ್ಲೆ ಸುತ್ತಲಿನ ಹತ್ತು ಮಂದಿ ಬೆರಗಾಗಿ ನೋಡ್ತಾರ, ಒಂದಿಬ್ಬರು ಬೈತಾರ, ಅಷ್ಟ. ಬಾಜೂಕ ಅರ್ಧಾ ತಾಸು ಕುಂತು ಮಾತಾಡಿದ ಮನಶ್ಯಾನ ಮ್ಯಾಲ ಕೈ ಎತ್ತೂದು ಅಷ್ಟು ಸಸಾರ ಅಲ್ರಿ. ಗದ್ಲ ಆಗೂದು ಅವನ್ನ ಹೊರಗ ಒಯ್ಯೂ ಮುಂದ. ಸಾಲಿನಿಂದ ಸಾಲಿಗೆ ಹೊಸಾ ಮಂದಿ. ಅವರಿಗೆ ಈತ ಏನಂದ, ಯಾಕಂದ ಗೊತ್ತಿರೂದಿಲ್ಲ. ಗೊತ್ತಿರೂದು ಒಂದ: ಪೊಲೀಸರು ಇವನ್ನ ಹಿಡದಾರ ಅಂದಮ್ಯಾಲ ಇವ ವೈರಿ. ಎರಡೂ ಕೈ ಹಿಡಕೊಂಡಿರ್ತಾರ, ಅವಂಗ ಮಾರಿ ಮುಚ್ಚಿಕೊಳ್ಳಾಕೂ ಆಗೂದಿಲ್ಲ. ಫೆಯೆಟ್‌ವಿಲ್‌ನಾಗ ಪೆಟ್ಟು ಬಿದ್ದದ್ದು ಎಲ್ಲೆ? ಮೆಟ್ಟಲದಾಗ, ಪೊಲೀಸರ ನಡುವ. ಲೂಯಿವಿಲ್‌ನಾಗೂ ಹೊರಗ ದಬ್ಬೂ ಮುಂದನ ಆಗಿದ್ದು.

ಮತ್ತ ಆ ಟ್ರಂಪ್ ಸಭಾದಾಗ ಶುರುವಿಗೆ ಒಂದು ರೆಕಾರ್ಡ್ ಹಾಕ್ತಿದ್ರು. ಪ್ರತಿಭಟನಾ ಮಾಡೋರನ್ನ ಮುಟ್ಟಬ್ಯಾಡ್ರಿ, ನೋವು ಮಾಡಬ್ಯಾಡ್ರಿ, ನಿಮ್ಮ ಕೈಯಾಗಿನ ಬೋರ್ಡ್ ಮ್ಯಾಲೆತ್ತಿ ನಾಯಕರ ಹೆಸರು ಕೂಗ್ರಿ, ಭದ್ರತಾ ಮಂದಿ ಬರ್ತಾರ ಅಂತ. ಕೇಳಾಕ ಚಲೋ ಐತಿ. ಆದ್ರ ಪರಿಣಾಮ ನೋಡ್ರಿ: ಒಬ್ಬಾಂವ ಪಿಸುಗುಟ್ಟಿದ್ರೂ ಇಡೀ ಮೈದಾನಕ್ಕ ಗೊತ್ತಾಗ್ತೈತಿ, ಎಲ್ಲಾರೂ ಅವನ ಕಡೆ ತಿರುಗಿ ಕೂಗ್ತಾರ. ಮುಟ್ಟಬ್ಯಾಡ್ರಿ ಅಂತ ಹೇಳಿ, ಮುಟ್ಟೂ ಹಂಗ ತಯಾರಿ ಮಾಡೂದು ಅಂದ್ರ ಇದ.

ಮಾಡಬೇಕಾದ್ದು ಏನಂದ್ರ, ಹತ್ತಿರದ ಪಕ್ಕದ ಬಾಗಿಲಿನಿಂದ ಸುಮ್ಮನ ಹೊರಗ ಕಳಸಬೇಕು. ನಡುವಿನ ಹಾದಿಯಾಗ ಮೆರವಣಿಗಿ ಮಾಡಬಾರ್ದು. ಮೈಕಿನ್ಯಾಗ ಇರಾಂವ ಅದನ್ನ ಕ್ರಿಕೆಟ್ ಕಾಮೆಂಟ್ರಿ ಹಂಗ ಹೇಳಬಾರ್ದು. ಭಾಷಣಾ ನಿಲ್ಲಿಸದ ಮುಂದುವರಿಸಿದ್ರ ಅರ್ಧಾ ಮಂದಿಗೆ ಏನ್ ನಡದೈತಿ ಅಂತ ತಿಳಿಯೂದ ಇಲ್ಲ.

ಗಾಳಿಪಟ:
ಎರೆಮಣ್ಣು ಅವರ ಕಾಮೆಂಟ್ ಓದಿ ಒಂದು ನೆನಪಾಯಿತು. 2016ರ ಜನವರಿಯಲ್ಲಿ ಸೌತ್ ಕೆರೊಲಿನಾದ ರಾಕ್ ಹಿಲ್‌ನಲ್ಲಿ ಟ್ರಂಪ್ ಸಭೆಗೆ ಹಿಜಾಬ್ ಧರಿಸಿದ ಮುಸ್ಲಿಂ ಮಹಿಳೆಯೊಬ್ಬರು ಹೋಗಿದ್ದರು. ಶಾಂತಿಯಿಂದ ಬಂದಿದ್ದೇನೆ ಅಂತ ಬರೆದ ಅಂಗಿ ತೊಟ್ಟಿದ್ದರು. ಸಿರಿಯಾದ ನಿರಾಶ್ರಿತರ ಬಗ್ಗೆ ಮಾತು ಬಂದಾಗ ಸುಮ್ಮನೆ ಎದ್ದು ನಿಂತರು, ತುಟಿ ಪಿಟಕ್ಕೆನ್ನಲಿಲ್ಲ. ಅವರನ್ನು ಹೊರಹಾಕಿದರು. ಅಕ್ಕಪಕ್ಕ ಕುಳಿತವರು ಅಲ್ಲಿಯವರೆಗೆ ಚೆನ್ನಾಗಿಯೇ ಮಾತಾಡಿಸಿದ್ದರಂತೆ. ಹೊರಗೆ ಕರೆದೊಯ್ಯುವಾಗ ದೂರದ ಸಾಲುಗಳಿಂದ ಬೈಗುಳ ಶುರುವಾಯಿತು, ಬಾಂಬ್ ಇದೆಯಾ ಅಂತಲೂ ಕೇಳಿದರು.

@ಮುಂದಿನಸಾಲು ಸರ್, ಇವರು ಯಾರ ಭಾಷಣ ಕೆಡಿಸಿದರು?

ಮತ್ತೆ, ಹೊರಗೆ ರಸ್ತೆ ಇದೆ ಅಂದಿರಿ. 1905ರ ಅಕ್ಟೋಬರ್ 13ರಂದು ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲ್‌ನಲ್ಲಿ ಲಿಬರಲ್ ಪಕ್ಷದ ಸಭೆ, ಸರ್ ಎಡ್ವರ್ಡ್ ಗ್ರೇ ಭಾಷಣ. ಕ್ರಿಸ್ಟಬೆಲ್ ಪ್ಯಾಂಕ್‌ಹರ್ಸ್ಟ್ ಮತ್ತು ಆನಿ ಕೆನಿ ಒಂದೇ ಪ್ರಶ್ನೆ ಕೇಳಿದರು: ನಿಮ್ಮ ಸರ್ಕಾರ ಬಂದರೆ ಹೆಂಗಸರಿಗೆ ಮತದ ಹಕ್ಕು ಕೊಡುತ್ತೀರಾ? ಉತ್ತರವಿಲ್ಲ. ಮತ್ತೆ ಕೇಳಿದರು, ಬಾವುಟ ಬಿಡಿಸಿದರು, ಎಳೆದು ಹೊರಗೆ ಹಾಕಿಸಿಕೊಂಡರು. ದಂಡ ಕಟ್ಟುವುದಿಲ್ಲ ಅಂದರು. ಒಬ್ಬರಿಗೆ ಏಳು ದಿನ, ಇನ್ನೊಬ್ಬರಿಗೆ ಮೂರು ದಿನ ಜೈಲು. ಅಲ್ಲಿಯವರೆಗೆ ಪತ್ರಿಕೆಗಳು ಆ ಚಳವಳಿಯತ್ತ ಕಣ್ಣೆತ್ತಿ ನೋಡಿದ್ದೇ ಅಪರೂಪ. ರಸ್ತೆಯಲ್ಲಿ ನಿಂತಿದ್ದರೆ ಯಾರು ಬರೆಯುತ್ತಿದ್ದರು ಹೇಳಿ?

ಆಮೇಲೆ ಸಭೆಗೆ ಹೆಂಗಸರನ್ನು ಬಿಡುವುದೇ ಕಷ್ಟವಾದಾಗ ಅವರು ಬಿಟ್ಟರಾ? 1909ರಲ್ಲಿ ಬ್ರಿಸ್ಟಲ್‌ನ ಸಭಾಂಗಣವೊಂದರ ಆರ್ಗನ್ ವಾದ್ಯದೊಳಗೆ ಇಬ್ಬರು ಅಡಗಿ ಕುಳಿತು, ಮಂತ್ರಿಗಳ ಭಾಷಣದ ನಡುವೆ ಅಲ್ಲಿಂದಲೇ ಕೂಗಿದರು. ಓದಿದಾಗಲೆಲ್ಲ ನಗು ಬರುತ್ತೆ ನನಗೆ.

ಮುಂದಿನಸಾಲು:
@ಗಾಳಿಪಟ, ರಾಕ್ ಹಿಲ್ ಮಹಿಳೆಯನ್ನು ನಾನಾಗಿದ್ದರೆ ಹೊರಗೆ ಹಾಕಿಸುತ್ತಿರಲಿಲ್ಲ. ಸುಮ್ಮನೆ ನಿಂತವರಿಂದ ಯಾರಿಗೂ ತೊಂದರೆ ಇಲ್ಲ. ಆದರೆ ಒಬ್ಬ ಮೌನಿಯನ್ನು ಮುಂದಿಟ್ಟು ಎಲ್ಲ ಕೂಗಾಟಗಾರರನ್ನೂ ಬಿಡಿಸಿಕೊಳ್ಳಬೇಡಿ.

ಮತದ ಹಕ್ಕೇ ಇಲ್ಲದ ಹೆಂಗಸರು ಸಭೆಯಲ್ಲಿ ಕೂಗಿದ್ದಕ್ಕೂ, ಮತದ ಹಕ್ಕು ಇರುವವರು ಬೇರೆ ಪಕ್ಷದ ಸಭೆಗೆ ನುಗ್ಗುವುದಕ್ಕೂ ವ್ಯತ್ಯಾಸವಿದೆ. ಇವರಿಗೆ ಮತಗಟ್ಟೆ ತೆರೆದಿದೆ, ಸ್ವಂತ ಸಭೆ ನಡೆಸಬಹುದು, ಬರೆಯಬಹುದು. ಅವರಿಗೆ ಏನಿತ್ತು?

ಮತ್ತೆ, ಈ ಚರ್ಚೆಯಲ್ಲಿ ಇದುವರೆಗೆ ಪೆಟ್ಟು ತಿಂದವರೆಲ್ಲ ಪ್ರತಿಭಟನಕಾರರು. 2016ರ ಜೂನ್ 2ರ ಸ್ಯಾನ್ ಹೋಸೆ ಯಾಕೆ ಯಾರಿಗೂ ನೆನಪಾಗಲಿಲ್ಲ? ಟ್ರಂಪ್ ಸಭೆ ಮುಗಿಸಿ ಹೊರಬಂದ ಜನರಿಗೆ ಹೊರಗಿದ್ದ ಪ್ರತಿಭಟನಕಾರರು ಮೊಟ್ಟೆ ಹೊಡೆದರು, ಗುದ್ದಿದರು, ಓಡಿಸಿಕೊಂಡು ಹೋದರು. ಒಬ್ಬ ಹೆಂಗಸನ್ನು ಗೋಡೆಗೆ ಒತ್ತಿ ನಿಲ್ಲಿಸಿ ಮೊಟ್ಟೆ ಎಸೆದ ವಿಡಿಯೋ ಇದೆ. ಅದೇ ವರ್ಷ ಮಾರ್ಚ್ 11ರಂದು ಷಿಕಾಗೋದಲ್ಲಿ ಒಳಗೂ ಹೊರಗೂ ಪ್ರತಿಭಟನಕಾರರು ತುಂಬಿ, ಭದ್ರತೆಯ ಕಾರಣ ಹೇಳಿ ಸಭೆಯನ್ನೇ ರದ್ದು ಮಾಡಿದರು. ರದ್ದಾಯಿತು ಅಂತ ಒಳಗಿದ್ದ ಪ್ರತಿಭಟನಕಾರರು ಕುಣಿದರು. ಒಬ್ಬ ಅಭ್ಯರ್ಥಿ ಮಾತಾಡಲಾಗಲಿಲ್ಲ ಅಂತ ಸಂಭ್ರಮಿಸುವುದು ಯಾವ ಸೀಮೆಯ ಪ್ರಜಾಪ್ರಭುತ್ವ?

ಎರೆಮಣ್ಣು:
ಸ್ಯಾನ್ ಹೋಸೆದಾಗೂ ಹಾದಿದ ಕಥಿನರಿ! ಅಲ್ಲೆ ಪೊಲೀಸರು ಸಭಾ ಮುಗಿಸಿ ಬಂದ ಮಂದೀನ ಒಂದ ಬಾಗಿಲಿನಿಂದ ಬಿಟ್ಟು, ಸೀದಾ ಪ್ರತಿಭಟನಾ ಮಾಡೋರ ನಡುವ ಹೋಗೂ ಹಂಗ ತಿರುಗಿಸಿದ್ರು ಅನ್ನೂದ ದೂರು. ಬ್ಯಾರೆ ಬಾಗಿಲ ಇದ್ರೂ ಆ ಕಡೆ ಬಿಡಲಿಲ್ಲಂತ. ವಕೀಲ್ರ, ಆ ಕೇಸ್ ಏನಾತ್ರಿ?

ಕರಿಕೋಟು:
2018ರ ಜುಲೈನಲ್ಲಿ ಒಂಬತ್ತನೇ ಸರ್ಕ್ಯೂಟ್ ನ್ಯಾಯಾಲಯ, ಪೊಲೀಸ್ ಅಧಿಕಾರಿಗಳ ಮೇಲಿನ ದಾವೆ ಮುಂದುವರಿಯಲಿ ಅಂದಿತು. ಬೇರೆಯವರು ಹೊಡೆದದ್ದಕ್ಕೆ ಸಾಮಾನ್ಯವಾಗಿ ಪೊಲೀಸರು ಉತ್ತರದಾಯಿಗಳಲ್ಲ. ಆದರೆ ಅಪಾಯ ಕಣ್ಣೆದುರೇ ಇರುವಾಗ ಜನರನ್ನು ಬೇಕೆಂದೇ ಆ ದಿಕ್ಕಿಗೆ ತಿರುಗಿಸಿದರೆ, ಆ ಅಪಾಯವನ್ನು ಹೆಚ್ಚಿಸಿದವರು ಪೊಲೀಸರೇ ಅನ್ನುವ ತತ್ತ್ವ. ಫೆಯೆಟ್‌ವಿಲ್ ಘಟನೆಯಲ್ಲೂ ಹೊಡೆತ ಕಂಡೂ ಸುಮ್ಮನಿದ್ದ ಐವರು ಪೊಲೀಸರ ಮೇಲೆ ಇಲಾಖೆ ಶಿಸ್ತು ಕ್ರಮ ತೆಗೆದುಕೊಂಡಿತು. ಒಂದು ಕಡೆ ಪ್ರತಿಭಟನಕಾರ, ಇನ್ನೊಂದು ಕಡೆ ಬೆಂಬಲಿಗ. ಎರಡೂ ಕಡೆ ಪೊಲೀಸರು ತಮ್ಮ ಕೆಲಸ ಮಾಡಿರಲಿಲ್ಲ.

ಹಾಗಂತ ಎಲ್ಲವನ್ನೂ ಪೊಲೀಸರಿಗೆ ಒಪ್ಪಿಸಿ ಕೈತೊಳೆದುಕೊಳ್ಳುವ ಹಾಗೂ ಇಲ್ಲ. ಜಪಾನಿನ ಸಪ್ಪೊರೊ ಪ್ರಕರಣ ಹೇಳಬೇಕು. 2019ರ ಜುಲೈ 15ರಂದು ಪ್ರಧಾನಿ ಶಿಂಜೊ ಅಬೆ ರಸ್ತೆ ಬದಿಯ ಪ್ರಚಾರ ಭಾಷಣ ಮಾಡುತ್ತಿದ್ದರು. ಒಬ್ಬ ಯುವಕ, ಒಬ್ಬ ಯುವತಿ ವಿರೋಧ ಕೂಗಿದರು. ಅಬೆ ರಾಜೀನಾಮೆ ಕೊಡಿ, ತೆರಿಗೆ ಹೆಚ್ಚಳ ಬೇಡ ಅನ್ನುವಂಥ ಕೂಗು. ಪೊಲೀಸರು ಅವರನ್ನು ಹಿಡಿದು ದೂರ ಒಯ್ದರು. 2022ರ ಮಾರ್ಚಿನಲ್ಲಿ ಜಿಲ್ಲಾ ನ್ಯಾಯಾಲಯ ಇದು ಕಾನೂನುಬಾಹಿರ ಅಂತ ಹೇಳಿ ಇಬ್ಬರಿಗೂ ಸೇರಿ 8 ಲಕ್ಷ 80 ಸಾವಿರ ಯೆನ್ ಪರಿಹಾರ ಕೊಡಿಸಿತು. 2023ರಲ್ಲಿ ಹೈಕೋರ್ಟ್ ಯುವತಿಯ ಗೆಲುವನ್ನು ಉಳಿಸಿತು, ಯುವಕನದ್ದನ್ನು ರದ್ದು ಮಾಡಿತು. ಕಾರಣ ಏನು ಗೊತ್ತೆ? ಪಕ್ಕದವರು ಆತನನ್ನು ತಳ್ಳಿದ್ದರು, ಹಲ್ಲೆ ಆಗಬಹುದೆಂದು ಪೊಲೀಸರಿಗೆ ಅನಿಸಿದ್ದು ಸಹಜ ಅಂತ. 2024ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ನೀಲಿಶಾಯಿ:
ಅಂದರೆ ತಳ್ಳಿದವನು ಅಲ್ಲೇ ನಿಂತು ಭಾಷಣ ಕೇಳಬಹುದು, ತಳ್ಳಿಸಿಕೊಂಡವನು ಜಾಗ ಖಾಲಿ ಮಾಡಬೇಕು! ಜನರ ಹಗೆತನವೇ ಪ್ರತಿಭಟನಕಾರನನ್ನು ಎತ್ತಿ ಹಾಕಲು ಪರವಾನಗಿ ಆಯಿತಲ್ಲ. ಬೆಂಬಲಿಗರಿಗೆ ಇದರಿಂದ ಸಿಗುವ ಪಾಠವೇನು? ಒಂದು ಸಲ ಭುಜ ತಾಗಿಸಿ, ಉಳಿದದ್ದನ್ನು ಪೊಲೀಸರು ಮಾಡುತ್ತಾರೆ.

ಇದಕ್ಕೇ ನಾನು ಮೈಕಿನವರ ಹೊಣೆ ಅಂದದ್ದು. ಕಾನೂನಿನ ಕೈ ಅಲ್ಲಿಗೆ ಮುಟ್ಟುವುದಿಲ್ಲ ಅಂತ ಕರಿಕೋಟು ತೋರಿಸಿಕೊಟ್ಟರು, ಸರಿ. ಮುಟ್ಟದ ಜಾಗದಲ್ಲಿ ಬೇರೆ ಏನೋ ಮುಟ್ಟಬೇಕು.

ಜಗಲಿಮಾತು:
ಮುಟ್ಟಿದ್ದೂ ಉಂಟಲ್ಲ. ಅದೇ ಅಬೆ, 2017ರ ಜುಲೈ 1ರಂದು ಟೋಕಿಯೋದ ಅಕಿಹಬಾರಾದಲ್ಲಿ ತನ್ನ ವಿರುದ್ಧ ಕೂಗುವವರ ಕಡೆ ಬೆರಳು ತೋರಿಸಿ, ಇಂಥವರಿಗೆ ನಾವು ಸೋಲಲಿಕ್ಕೆ ಆಗುವುದಿಲ್ಲ ಅಂದರು. ಮರುದಿನವೇ ನಗರ ವಿಧಾನಸಭೆಯ ಮತದಾನ. ಪಕ್ಷ ಮಕಾಡೆ ಮಲಗಿತು. ಆ ಒಂದು ಮಾತಿನಿಂದಲೇ ಅಂತ ನಾನು ಹೇಳುವುದಿಲ್ಲ, ಬೇರೆ ಹಗರಣಗಳೂ ಇದ್ದವು. ಆದರೆ ಆ ಮಾತು ಅವರ ಬೆನ್ನು ಬಿಡಲಿಲ್ಲ. ಪ್ರಧಾನಿ ಅಂದರೆ ಕೂಗುವವರಿಗೂ ಪ್ರಧಾನಿ ಅಲ್ವಾ?

ಬ್ರಿಟನ್ನಿನಲ್ಲಿ 2005ರದ್ದು ಇನ್ನೂ ಚಂದ ಉಂಟು. ಪ್ರಚಾರ ಸಭೆ ಅಲ್ಲ, ಬ್ರೈಟನ್‌ನಲ್ಲಿ ಲೇಬರ್ ಪಕ್ಷದ ಅಧಿವೇಶನ. ವಿದೇಶಾಂಗ ಸಚಿವರು ಇರಾಕ್ ಯುದ್ಧ ಸಮರ್ಥಿಸುವಾಗ, ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ಬಂದಿದ್ದ 82 ವರ್ಷದ ವಾಲ್ಟರ್ ವೋಲ್ಫ್‌ಗ್ಯಾಂಗ್ ಕೂತಲ್ಲಿಂದಲೇ ಬೊಗಳೆ ಅಂತ ಕೂಗಿದರು. ಎತ್ತಿ ಹೊರಗೆ ಹಾಕಿದರು. ತಿರುಗಿ ಒಳಗೆ ಬರಲು ಹೋದಾಗ ಪೊಲೀಸರು ತಡೆದದ್ದು ಭಯೋತ್ಪಾದನೆ ತಡೆ ಕಾಯ್ದೆ ಅಡಿ! ಪ್ರಧಾನಿಯೇ ಕ್ಷಮೆ ಕೇಳಬೇಕಾಯಿತು. ಮರುವರ್ಷ ಪಕ್ಷದ ಸದಸ್ಯರು ಆ ಅಜ್ಜನನ್ನು ರಾಷ್ಟ್ರೀಯ ಕಾರ್ಯಕಾರಿ ಸಮಿತಿಗೇ ಆರಿಸಿ ಕಳಿಸಿದರು. ಇದಕ್ಕಿಂತ ಚಂದದ ಉತ್ತರ ಯಾವ ಕೋರ್ಟಿನಿಂದ ಬರ್ತದೆ?

ಗಾಳಿಪಟ:
ನಮ್ಮ ದೇಶದ ಕಾನೂನು ಏನು ಹೇಳುತ್ತೆ? ಪ್ರಶ್ನೆ ಕೇಳಿದರೂ ಅಪರಾಧವಾ? ಯಾರಾದರೂ ಸರಿಯಾಗಿ ತಿಳಿದವರು ಹೇಳಿ.

ಕರಿಕೋಟು:
1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ನೇ ಸೆಕ್ಷನ್ ನೋಡಿ. ಚುನಾವಣಾ ಸಭೆ ಯಾವ ಉದ್ದೇಶಕ್ಕೆ ಸೇರಿದೆಯೋ ಅದು ನಡೆಯದಂತೆ ಗದ್ದಲ ಮಾಡುವುದು, ಮಾಡಲು ಪ್ರಚೋದಿಸುವುದು ಅಪರಾಧ. ಆರು ತಿಂಗಳವರೆಗೆ ಸಜೆ, ಅಥವಾ ಎರಡು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಲ್ಲೂ ಸಭೆ ನಡೆಯದಂತೆ ಮಾಡುವ ಉದ್ದೇಶ ಇರಬೇಕು ಅನ್ನುವುದನ್ನು ಗಮನಿಸಿ. ಒಂದು ಪ್ರಶ್ನೆ ಕೇಳಿ ಕುಳಿತವರನ್ನು ಇದರೊಳಗೆ ತುರುಕುವುದು ನನ್ನ ಪ್ರಕಾರ ಸುಲಭವಲ್ಲ.

ಚುನಾವಣಾ ಆಯೋಗದ ಮಾದರಿ ನೀತಿ ಸಂಹಿತೆ ಇನ್ನೂ ಬಿಗಿ. ಒಂದು ಪಕ್ಷದ ಕಾರ್ಯಕರ್ತರು ಇನ್ನೊಂದು ಪಕ್ಷದ ಸಭೆಗೆ ಹೋಗಿ ಬಾಯಿಮಾತಿನಲ್ಲೋ ಬರಹದಲ್ಲೋ ಪ್ರಶ್ನೆ ಕೇಳಿ, ತಮ್ಮ ಕರಪತ್ರ ಹಂಚಿ ಗೊಂದಲ ಎಬ್ಬಿಸಬಾರದು. ಮುಂದಿನಸಾಲು ಅವರಿಗೆ ಇದು ಸಮಾಧಾನ ತರಬಹುದು. ಆದರೆ ಅದೇ ಸಂಹಿತೆಯಲ್ಲಿ ಸಭೆಗಳ ಭಾಗಕ್ಕೆ ಬನ್ನಿ: ಸಭೆಗೆ ಅಡ್ಡಿ ಮಾಡುವವರ ವಿಷಯದಲ್ಲಿ ಸಂಘಟಕರು ಬಂದೋಬಸ್ತಿಗೆ ಬಂದ ಪೊಲೀಸರ ನೆರವನ್ನೇ ಪಡೆಯಬೇಕು, ಸಂಘಟಕರು ತಾವಾಗಿ ಅವರ ಮೇಲೆ ಕ್ರಮ ತೆಗೆದುಕೊಳ್ಳಬಾರದು. ಅಷ್ಟು ಸ್ಪಷ್ಟ.

ಮುಂದಿನಸಾಲು:
ಇದನ್ನು ಪೂರ್ತಿ ಒಪ್ಪುತ್ತೇನೆ. ಕಾರ್ಯಕರ್ತರು ಮುಟ್ಟಬಾರದು, ಪೊಲೀಸರನ್ನು ಕರೆಯಬೇಕು. ನನ್ನ ವಾದವೂ ಅದೇ ಆಗಿತ್ತು: ಹೊರಗೆ ಕಳಿಸಿ, ಹೊಡೆಯಬೇಡಿ.

ಆದರೆ ನೀಲಿಶಾಯಿ, ನಿಮ್ಮ ಒಬಾಮ ಮಾದರಿಯನ್ನು ಎಲ್ಲರ ಮೇಲೂ ಹೇರಬೇಡಿ. ಪ್ರತಿ ಸಭೆಯಲ್ಲೂ ಫಲಕ ಎದ್ದಾಗೆಲ್ಲ ಭಾಷಣ ನಿಲ್ಲಿಸಿ ಸೌಜನ್ಯದ ಪಾಠ ಹೇಳುತ್ತಾ ಹೋದರೆ, ಭಾಷಣದ ವಿಷಯವನ್ನು ಫಲಕ ಹಿಡಿದವನೇ ನಿರ್ಧರಿಸಿದಂತಾಗುತ್ತದೆ. ನಾಯಕ ಬೆಂಕಿ ಹಚ್ಚಬಾರದು, ಸರಿ. ಪ್ರತಿಸಲ ನೀರು ಹೊತ್ತು ಓಡಬೇಕು ಅನ್ನುವ ಬಾಧ್ಯತೆ ಇಲ್ಲ.

ನೀಲಿಶಾಯಿ:
ಪ್ರತಿಸಲ ಬೇಡ. ಜನ ಕೈ ಮಾಡುವ ಹಂತ ಬಂದಾಗ ಬಾಧ್ಯತೆ ಇದೆ. ಅಲ್ಲಿ ಮಾತಾಡಲು ಧ್ವನಿವರ್ಧಕ ಇರುವುದು ಒಬ್ಬರ ಬಳಿ ಮಾತ್ರ.

ಮುಂದಿನಸಾಲು:
ಆ ಹಂತ ಬಂದಿದೆ ಅಂತ ವೇದಿಕೆ ಮೇಲಿನವರಿಗೆ ಕಾಣುವುದಾದರೂ ಹೇಗೆ? ಕಣ್ಣಿಗೆ ಹೊಡೆಯುವ ದೀಪ, ಎದುರಿಗೆ ಕತ್ತಲು, ಎಲ್ಲೋ ಹಿಂದೆ ಗದ್ದಲ.

ಎರೆಮಣ್ಣು:
ಕಾಣೂದಿಲ್ಲ ಅನ್ನೂದು ಖರೆ ಐತ್ರಿ. ಅದಕ್ಕ ವೇದಿಕಿ ಬಾಜೂಕ ಒಬ್ಬಾಂವ ವೈರ್‌ಲೆಸ್ ಹಿಡದು ನಿಂತಿರ್ತಾನ. ಹಿಂದ ಗದ್ಲ ಆದ್ರ ಚೀಟಿ ಕೊಡ್ತಾನ. ಚೀಟಿ ಕೊಟ್ಟ ಮ್ಯಾಲ ನಾಯಕರು ಏನ್ ಹೇಳ್ತಾರ ಅನ್ನೂದು ಅವರ ಕೈಯಾಗ. ನಾ ಕೊಟ್ಟ ಚೀಟಿ ಓದಿ ಕಿಸೆದಾಗ ಇಟ್ಟುಕೊಂಡು, ಇನ್ನಷ್ಟು ಜೋರಾಗಿ ಬೈದವರನ್ನೂ ನೋಡೇನಿ.